ಅಸಲಿ ಕೋಟೆ, ಲಿಫ್ಟ್ ಇರುವ ಕೋಟೆ

ಜಪಾನಿಗೆ ಹೋಗಿ ಬಂದೆವು ಅಂದ ಕೂಡಲೇ ದುರ್ಗದಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಬುಲೆಟ್ ರೈಲು ಹತ್ತಿದ್ರಾ? ಊಟಕ್ಕೇನು ಮಾಡಿದ್ರಿ? ಎರಡಕ್ಕೂ ಉತ್ತರ ಮಧ್ಯೆ ಎಲ್ಲೋ ಬರುತ್ತೆ. ಆದರೆ ನನಗೆ ಬರೆಯಬೇಕು ಅನ್ನಿಸಿದ್ದು ಕೋಟೆಗಳ ಬಗ್ಗೆ. ಏಳು ಸುತ್ತಿನ ಕೋಟೆಯ ಬುಡದಲ್ಲೇ ಬೆಳೆದವರಿಗೆ ಎಲ್ಲಿ ಹೋದರೂ ಕಣ್ಣು ಮೊದಲು ಕೋಟೆ ಗೋಡೆಯನ್ನೇ ಹುಡುಕುತ್ತೆ, ಏನ್ ಮಾಡೋದು.

ಹೋದವರು ನಾನು, ಅಕ್ಕ, ಭಾವ. ಭಾವ ದಾವಣಗೆರೆಯವರು, ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ, ಯಾವ ವಸ್ತು ಕಂಡರೂ ‘ಇದು ಅಸಲೀನೋ ಡೂಪ್ಲಿಕೇಟೋ’ ಅಂತ ತಿರುವಿ ನೋಡುವ ಜಾತಿ. ಅಕ್ಕನಿಗೆ ಮಂಡಿ ನೋವು. ಈ ಮಂಡಿ ನೋವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ವಾದ ಶುರುವಾಗಿದ್ದು ಟೋಕಿಯೋದಲ್ಲಿ. ಈಗ ಚಕ್ರವರ್ತಿಯ ಅರಮನೆ ಇರುವ ಜಾಗದಲ್ಲೇ ಮೊದಲು ಎಡೋ ಕೋಟೆ ಇತ್ತು. ಟೊಕುಗಾವಾ ಇಯೆಯಾಸು 1603ರಲ್ಲಿ ಶೋಗುನ್, ಅಂದರೆ ಚಕ್ರವರ್ತಿಯ ಹೆಸರಲ್ಲಿ ದೇಶ ಆಳುವ ಸೇನಾಪತಿ ಆದ, ಆಮೇಲೆ ಎರಡೂವರೆ ಶತಮಾನಕ್ಕೂ ಜಾಸ್ತಿ ಅವನ ವಂಶದವರದ್ದೇ ದರ್ಬಾರು. ಊರಿನ ಹೆಸರೂ ಆಗ ಎಡೋ, ಟೋಕಿಯೋ ಅಂತ ಆಗಿದ್ದು 1868ರಲ್ಲಿ. ಅರಮನೆಯ ಪೂರ್ವದ ತೋಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಬಹುದು. ಒಳಗೆ ಹುಲ್ಲುಹಾಸು ದಾಟಿದರೆ ದೊಡ್ಡದೊಂದು ಕಲ್ಲಿನ ಕಟ್ಟೆ ಇದೆ. ಅಷ್ಟೇ, ಮೇಲೆ ಏನೂ ಇಲ್ಲ. ಅಲ್ಲಿದ್ದ ಗೋಪುರ 1657ರ ದೊಡ್ಡ ಬೆಂಕಿಯಲ್ಲಿ ಸುಟ್ಟುಹೋಯಿತು. ಕಟ್ಟೆಯನ್ನು ಮತ್ತೆ ಕಟ್ಟಿದರು, ಆದರೆ ‘ಮೊದಲು ಸುಟ್ಟ ಊರು ಎದ್ದು ನಿಲ್ಲಲಿ, ಗೋಪುರ ಇಲ್ಲದಿದ್ದರೂ ನಡೆಯುತ್ತೆ’ ಅಂತ ಅಲ್ಲಿಗೇ ಬಿಟ್ಟರು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಕೆಲಸ, ನೋಡಿದರೆ ನಮ್ಮವರಿಗೆ ಮನಸ್ಸು ತುಂಬುತ್ತೆ. ಭಾವ ಮಾತ್ರ ಗೋಪುರ ಎಲ್ಲಿ ಅಂತ ಹುಡುಕುತ್ತಲೇ ಇದ್ದರು.

ಅಲ್ಲಿಂದ ಅಸಾಕುಸಾದ ಸೆನ್ಸೋಜಿ ದೇವಸ್ಥಾನ. ಟೋಕಿಯೋದಲ್ಲಿ ಇದಕ್ಕಿಂತ ಹಳೆಯ ದೇವಸ್ಥಾನ ಇಲ್ಲ, ಏಳನೇ ಶತಮಾನದ್ದು. ಕೆಂಪು ಲಾಟೀನು ತೂಗುಹಾಕಿದ ಬಾಗಿಲು ದಾಟಿ, ಅಂಗಡಿ ಸಾಲಿನ ಮಧ್ಯೆ ನೂಕುನುಗ್ಗಲಿನಲ್ಲಿ ಒಳಗೆ ಹೋಗಿ ಕೈ ಮುಗಿದ ಮೇಲೆ ನಾನು ಸುಮ್ನೆ ಇರಬಾರದಾ, ಈ ಮುಖ್ಯ ಗುಡಿ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ 1958ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು ಅಂತ ಹೇಳಿಬಿಟ್ಟೆ.

‘ಅಂದ್ರೆ ಇದು ನಮ್ಮಪ್ಪನಿಗಿಂತ ಚಿಕ್ಕದು!’ ಅಂದರು ಭಾವ.

ಅಲ್ಲಿಂದ ಮುಂದೆ ಪ್ರವಾಸ ಪೂರ್ತಿ ಇದೇ ಆಯಿತು. ಯಾವ ಗುಡಿ, ಯಾವ ಕೋಟೆ ಎದುರು ನಿಂತರೂ ಮೊದಲ ಪ್ರಶ್ನೆ, ‘ಇದು ಯಾವ ಇಸವಿ ಮಾಲು?’ ಅವರನ್ನು ಸಮಾಧಾನ ಮಾಡಿದ್ದು ಒಂದು ತಿಂಡಿ. ಅಸಾಕುಸಾದಲ್ಲಿ ಕಮಿನಾರಿ ಒಕೋಶಿ ಅಂತ ಮಾರುತ್ತಾರೆ. ಉಬ್ಬಿಸಿದ ಅಕ್ಕಿಯನ್ನು ಸಕ್ಕರೆ ಪಾಕದಲ್ಲಿ ಕಲೆಸಿ ತುಂಡು ಮಾಡಿದ್ದು. ಭಾವ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಎರಡು ಸಲ ಅಗಿದು, ‘ಮಂಡಕ್ಕಿ ಉಂಡೆ ಕಣಯ್ಯಾ’ ಅಂದರು. ಮಂಡಕ್ಕಿ ವಿಷಯದಲ್ಲಿ ದಾವಣಗೆರೆಯವರ ತೀರ್ಪಿಗೆ ಮೇಲ್ಮನವಿ ಇಲ್ಲ.

ಅಕಿಹಬಾರಾ ಬಗ್ಗೆ ಎಲ್ಲರೂ ಅನಿಮೆ ಬೊಂಬೆಗಳನ್ನೇ ಹೇಳುತ್ತಾರೆ, ಅದೆಲ್ಲ ಇದೆ, ಮಹಡಿ ಮೇಲೆ ಮಹಡಿ ಇದೆ. ನಮಗೆ ಹಿಡಿಸಿದ್ದು ರೈಲು ಹಳಿಯ ಕೆಳಗಿನ ಚಿಕ್ಕ ಚಿಕ್ಕ ಅಂಗಡಿಗಳು. ಯುದ್ಧ ಮುಗಿದ ಮೇಲೆ ಇಲ್ಲಿ ರೇಡಿಯೋ ಬಿಡಿಭಾಗಗಳ ಸಂತೆ ಬೆಳೆಯಿತು, ಅದೇ ಮುಂದೆ ದೊಡ್ಡ ಎಲೆಕ್ಟ್ರಾನಿಕ್ಸ್ ಪೇಟೆಯಾಗಿ, ಆಮೇಲೆ ಗೇಮು, ಅನಿಮೆ ಅಂತ ತಿರುಗಿಕೊಂಡಿತು. ಹಳೆಯ ತರಹದ ಅಂಗಡಿಗಳು ಇನ್ನೂ ಉಳಿದಿವೆ. ಒಬ್ಬ ಮನುಷ್ಯ ಕೂತರೆ ತುಂಬಿಹೋಗುವ ಜಾಗ, ಎದುರಿಗೆ ಸಣ್ಣ ಸಣ್ಣ ಡಬ್ಬಿಗಳಲ್ಲಿ ಸ್ವಿಚ್ಚು, ಕೆಪಾಸಿಟರ್, ಬಣ್ಣಬಣ್ಣದ ವೈರು, ಎಲ್ಲಕ್ಕೂ ಕೈಬರಹದ ಬೆಲೆ ಚೀಟಿ. ಭಾವ ಅಂಗಡಿಯ ಅಜ್ಜನ ಹತ್ತಿರ ಒಂದು ಸ್ವಿಚ್ಚು ಹಿಡಿದು ಬೆರಳಲ್ಲೇ ಮಾತಾಡಿದರು. ಆ ಅಜ್ಜನೂ ಬೆರಳಲ್ಲೇ ಉತ್ತರ ಕೊಟ್ಟ. ಕೊನೆಗೆ ವ್ಯಾಪಾರವೂ ಆಯಿತು. ಅಷ್ಟು ಖುಷಿಯಾಗಿ ಅವರು ಯಾವ ದೇವಸ್ಥಾನದಲ್ಲೂ ಇರಲಿಲ್ಲ.

ಇನ್ನು ರೈಲು. ತುಮಕೂರು, ಚಿತ್ರದುರ್ಗ, ದಾವಣಗೆರೆ ನೇರ ರೈಲು ಬರುತ್ತೆ ಬರುತ್ತೆ ಅಂತ ಕೇಳುತ್ತಲೇ ಬೆಳೆದವರು ನಾವು, ಹಾಗಾಗಿ ಹೊಟ್ಟೆಕಿಚ್ಚು ಪಡಬೇಡಿ ಅಂತ ಹೇಳುವುದಿಲ್ಲ. ಟೋಕಿಯೋ–ಒಸಾಕಾ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಶುರುವಾಗಿದ್ದು 1964ರ ಅಕ್ಟೋಬರ್ 1ರಂದು, ಟೋಕಿಯೋ ಒಲಿಂಪಿಕ್ಸ್ ಗೆ ಕೆಲವೇ ದಿನ ಮುಂಚೆ. ಹಳಿಯ ಉದ್ದ 515 ಕಿಲೋಮೀಟರ್. ಆಗ ನಾಲ್ಕು ಗಂಟೆ ಹಿಡಿಯುತ್ತಿತ್ತು, ಈಗ ನೊಜೊಮಿ ಅನ್ನುವ ಎಕ್ಸ್‌ಪ್ರೆಸ್ ಎರಡೂವರೆ ಗಂಟೆಯೊಳಗೆ ಮುಟ್ಟಿಸುತ್ತೆ. ಟೋಕಿಯೋದಲ್ಲಿ ರೈಲು ಬಂದು ನಿಂತ ಮೇಲೆ ಸ್ವಚ್ಛತೆಯವರು ಒಳಗೆ ಹೋಗಿ ಸೀಟುಗಳನ್ನೆಲ್ಲ ಸರಸರ ತಿರುಗಿಸುತ್ತಾರೆ, ವಾಪಸ್ ಹೋಗುವಾಗಲೂ ಎಲ್ಲರ ಮುಖ ಮುಂದಕ್ಕೇ ಇರಲಿ ಅಂತ. ಅಕ್ಕ ಅದನ್ನು ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದಳು, ಫ್ಯೂಜಿ ಬೆಟ್ಟದ ಫೋಟೋಗಿಂತ ಅದಕ್ಕೇ ಜಾಸ್ತಿ ಲೈಕು. ಬೆಟ್ಟ ಕಾಣಬೇಕಾದರೆ ಕ್ಯೋಟೋ ಕಡೆ ಹೋಗುವಾಗ ಬಲಗಡೆ ಕಿಟಕಿ, ಅಂದರೆ ಇ ಸೀಟು ಹಿಡಿಯಿರಿ. ಮೋಡ ಇದ್ದರೆ ನಾನು ಜವಾಬ್ದಾರನಲ್ಲ. ವಿದೇಶಿ ಪ್ರವಾಸಿಗರಿಗೆ ಕೊಡುವ ರೈಲು ಪಾಸ್ ತಗೊಳ್ಳುವ ಮುಂಚೆ ಮಾತ್ರ ಲೆಕ್ಕ ಹಾಕಿ. ಏಳು ದಿನದ ಪಾಸು 2023ರ ಅಕ್ಟೋಬರಿನಲ್ಲಿ 29,650 ಯೆನ್ನಿಂದ ಒಂದೇ ಏಟಿಗೆ 50,000ಕ್ಕೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಬಿಡಿ ಟಿಕೆಟ್ಟೇ ಸುಮಾರು 14 ಸಾವಿರ ಯೆನ್, ಹಾಗಾಗಿ ವಾಪಸ್ ಬರದೆ ಒಂದೇ ದಿಕ್ಕಿಗೆ ಇಳಿಯುತ್ತಾ ಹೋಗುವವರಿಗೆ ಪಾಸು ದಂಡ.

ಈ ರೈಲು ಓಡುವುದು ಹೆಚ್ಚುಕಡಿಮೆ ಹಳೆಯ ತೊಕೈಡೋ ರಸ್ತೆಯ ಜಾಡಿನಲ್ಲೇ. ಎಡೋದಿಂದ ಕ್ಯೋಟೋವರೆಗೆ ಮಧ್ಯೆ 53 ತಂಗುದಾಣ, ಕಾಲ್ನಡಿಗೆಯಲ್ಲಿ ಎರಡು ವಾರದ ಹಾದಿ. 1635ರಿಂದ ಶೋಗುನ್ ಒಂದು ಕಟ್ಟುಪಾಡು ಹಾಕಿದ. ಪಾಳೇಗಾರರೆಲ್ಲ ಒಂದು ವರ್ಷ ಎಡೋದಲ್ಲಿ, ಒಂದು ವರ್ಷ ತಮ್ಮ ಸೀಮೆಯಲ್ಲಿ ಇರಬೇಕು, ಹೆಂಡತಿ ಮಕ್ಕಳು ಮಾತ್ರ ಎಡೋದಲ್ಲೇ ಖಾಯಂ. ಒತ್ತೆಯಾಳು ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಹಕೋನೆ ಅನ್ನುವ ಬೆಟ್ಟದ ಊರಲ್ಲಿ ಇದರ ಚೆಕ್‌ಪೋಸ್ಟ್ ಇದೆ. ಎಡೋದಿಂದ ಹೊರಗೆ ಹೋಗುವ ಹೆಂಗಸರ ಮೇಲೇ ಇಲ್ಲಿ ಮುಖ್ಯವಾಗಿ ಕಣ್ಣು. ಹೆಂಗಸರನ್ನು ತಪಾಸಣೆ ಮಾಡುವುದಕ್ಕೇ ಬೇರೆ ಹೆಂಗಸರಿದ್ದರು, ಜಡೆ ಬಿಚ್ಚಿಸಿ ನೋಡುತ್ತಿದ್ದರಂತೆ. ಅಕ್ಕ ಆ ಕೋಣೆಯಲ್ಲಿ ಬಹಳ ಹೊತ್ತು ನಿಂತಳು. ಭಾವ ಬೋರ್ಡ್ ಓದಿ, ‘2007ರಲ್ಲಿ ಹೊಸದಾಗಿ ಕಟ್ಟಿದ್ದಂತೆ’ ಅಂದರು. ಹತ್ತಿರದಲ್ಲೇ ಹಳೆಯ ರಸ್ತೆಯ ಕಲ್ಲುಹಾಸು ಇದೆ. ಹೈವೇ ಪಕ್ಕದ ಊರಿನವರಾದ ನಮಗೆ ಆ ಪಾಚಿ ಕಟ್ಟಿದ ಕಲ್ಲುಗಳ ಮೇಲೆ ನಡೆಯುವುದೇ ಒಂದು ಸುಖ, ಅಕ್ಕನ ಮಂಡಿಗೆ ಮಾತ್ರ ಅದು ಶಿಕ್ಷೆ.

ನಗೋಯಾದಲ್ಲಿ ಇಳಿಯಲೇಬೇಕು ಅಂತ ನಾನೇ ಹಟ ಮಾಡಿದ್ದೆ. ಬಹಳ ಜನ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಅಲ್ಲಿಯ ಕೋಟೆ 1945ರ ಮೇ ತಿಂಗಳಲ್ಲಿ ಬಾಂಬಿಗೆ ಸುಟ್ಟು, 1959ರಲ್ಲಿ ಕಾಂಕ್ರೀಟಿನಲ್ಲಿ ಎದ್ದಿತು. ಭೂಕಂಪ ತಡೆಯುವ ಬಲ ಇಲ್ಲ ಅಂತ ಗೋಪುರದ ಬಾಗಿಲನ್ನು 2018ರಲ್ಲಿ ಮುಚ್ಚಿದರು. ಈಗ ಊರಲ್ಲಿ ದೊಡ್ಡ ಚರ್ಚೆ: ಕಾಂಕ್ರೀಟು ಒಡೆದು, ಹಳೆಯ ಅಳತೆಯಲ್ಲೇ, ಮರದಲ್ಲೇ ಮತ್ತೆ ಕಟ್ಟಬೇಕು ಅಂತ. ಯುದ್ಧಕ್ಕೆ ಮುಂಚೆ ಅಳೆದು ಬರೆದ ನಕ್ಷೆ, ಫೋಟೋಗಳು ಉಳಿದಿರುವುದರಿಂದ ಮೊಳೆ ಮೊಳೆಯೂ ಲೆಕ್ಕದಲ್ಲಿದೆ. ತಕರಾರು ಬಂದಿದ್ದು ಲಿಫ್ಟಿನ ವಿಷಯಕ್ಕೆ. ಆ ಕಾಲದಲ್ಲಿ ಲಿಫ್ಟ್ ಇರಲಿಲ್ಲ, ಹಾಗಾಗಿ ಬೇಡ ಅನ್ನುವವರು ಒಂದು ಕಡೆ, ಗಾಲಿಕುರ್ಚಿಯಲ್ಲಿ ಬರುವವರು ಏನು ಮಾಡಬೇಕು ಅಂತ ಕೇಳುವ ಅಂಗವಿಕಲರ ಸಂಘಟನೆಗಳು ಇನ್ನೊಂದು ಕಡೆ. ನಾನು ಇದನ್ನು ಹೇಳುವಾಗ ಅಕ್ಕ ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದಳು. ‘ಲಿಫ್ಟ್ ಇಲ್ದಿರೋ ಕಾಲ್ದಲ್ಲಿ ಕರೆಂಟ್ ಲೈಟೂ ಇರ್ಲಿಲ್ಲ, ಅದನ್ನ್ಯಾಕೆ ಹಾಕ್ತಾರಂತೆ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋಟೆಯೊಳಗಿನ ಅರಮನೆಯನ್ನಂತೂ ಮರದಲ್ಲೇ ಪೂರ್ತಿ ಮುಗಿಸಿದ್ದಾರೆ, 2018ರಲ್ಲಿ. ಒಳಗೆ ಕಾಲಿಟ್ಟರೆ ಹಿನೋಕಿ ಮರದ ವಾಸನೆ ಮೂಗಿಗೆ ಅಡರುತ್ತೆ, ಬಾಗಿಲ ಪರದೆಗಳ ಮೇಲೆ ಚಿನ್ನದ ಹಿನ್ನೆಲೆಯಲ್ಲಿ ಹುಲಿಗಳು. ಎಲ್ಲ ಹೊಸದು. ಆದರೆ ಕೋಟೆ ಹೊಸದಾಗಿದ್ದಾಗ ಹೇಗಿತ್ತು ಅಂತ ನಾನು ಮೊದಲ ಸಲ ನೋಡಿದೆ, ದುರ್ಗದಲ್ಲಿ ಅದನ್ನು ಕಲ್ಪನೆಯಲ್ಲೇ ಮಾಡಿಕೊಳ್ಳಬೇಕು ಅಲ್ವಾ.

ಕ್ಯೋಟೋ 794ರಿಂದ ಸಾವಿರ ವರ್ಷಕ್ಕೂ ಜಾಸ್ತಿ ರಾಜಧಾನಿ. ಅಣುಬಾಂಬಿನ ಪಟ್ಟಿಯಲ್ಲಿ ಅದರ ಹೆಸರೂ ಇತ್ತು, ಅಮೆರಿಕದ ಯುದ್ಧ ಮಂತ್ರಿ ಸ್ಟಿಮ್ಸನ್ ತೆಗೆಸಿಹಾಕಿದ. ಹಾಗಾಗಿ ಅಲ್ಲಿ ಬಹಳಷ್ಟು ಹಳೆಯದು ನಿಜಕ್ಕೂ ಹಳೆಯದೇ, ಚಿನ್ನದ ಮಂಟಪ ಮಾತ್ರ ಹಾಗಲ್ಲ. ಅದಕ್ಕೆ 1950ರಲ್ಲಿ ಒಬ್ಬ ಎಳೆಯ ಸನ್ಯಾಸಿಯೇ ಬೆಂಕಿ ಇಟ್ಟ, ಈಗಿರುವುದು 1955ರದ್ದು. ಜನ ಎಷ್ಟು ಅಂದರೆ ಫೋಟೋದಲ್ಲಿ ಮಂಟಪಕ್ಕಿಂತ ಬೇರೆಯವರ ಮೊಬೈಲುಗಳೇ ಜಾಸ್ತಿ ಬಂದಿವೆ. ನೀವು ಹೋದರೆ ನಿಜೋ ಕೋಟೆಯ ನೆಲ ಕೇಳಿ. ಹೌದು, ಕೇಳಿ. ಹಲಗೆ ಮೇಲೆ ಕಾಲಿಟ್ಟರೆ ಚಿಂವ್ ಚಿಂವ್ ಅನ್ನುತ್ತೆ, ಕೆಳಗಿನ ಕಬ್ಬಿಣದ ಕೊಂಡಿ ಮೊಳೆಗೆ ಉಜ್ಜಿ ಬರುವ ಸದ್ದು. 1867ರಲ್ಲಿ ಕೊನೆಯ ಶೋಗುನ್ ‘ಅಧಿಕಾರ ವಾಪಸ್ ಕೊಡ್ತೀನಿ’ ಅಂತ ಸರದಾರರನ್ನು ಕರೆಸಿದ್ದು ಇದೇ ಅರಮನೆಗೆ. ಅಷ್ಟು ದೊಡ್ಡ ಸುದ್ದಿ ಕೇಳಲು ಬಂದವರೂ ಹೀಗೇ ಚಿಂವ್ ಚಿಂವ್ ಮಾಡಿಕೊಂಡೇ ನಡೆದಿರಬೇಕು.

ಸಂಜೂಸಾಂಗೆಂದೋ ಅನ್ನುವ ಉದ್ದನೆಯ ಗುಡಿಯಲ್ಲಿ ಕನ್ನೊನ್ ಅನ್ನುವ ಕರುಣೆಯ ಬೋಧಿಸತ್ವನ 1001 ವಿಗ್ರಹಗಳಿವೆ, ಕಟ್ಟಡ 1266ರದ್ದು. ವಿಗ್ರಹಗಳ ಮುಂದೆ ನಿಂತ ಕಾವಲು ದೇವರುಗಳನ್ನು ನೋಡುತ್ತಾ ಹೋದರೆ ಗರುಡ, ಇಂದ್ರ, ಬ್ರಹ್ಮ ಎಲ್ಲರೂ ಸಿಗುತ್ತಾರೆ, ವೇಷ ಮಾತ್ರ ಬೇರೆ. ಗರುಡ ಕೊಳಲು ಊದುತ್ತಾ ನಿಂತಿದ್ದಾನೆ. ನಾರಾ ಊರಿನ ದೊಡ್ಡ ಬುದ್ಧನಿಗೆ 752ರಲ್ಲಿ ಕಣ್ಣು ಬರೆದು ಪ್ರತಿಷ್ಠೆ ಮಾಡಿದ್ದು ಭಾರತದಿಂದ ಹೋದ ಬೋಧಿಸೇನ ಅನ್ನುವ ಭಿಕ್ಷು. ಅವನ ಕುಂಚಕ್ಕೆ ಉದ್ದನೆಯ ದಾರ ಕಟ್ಟಿದ್ದರು, ಸೇರಿದವರು ಆ ದಾರ ಹಿಡಿದು ತಾವೂ ಕಣ್ಣು ಬರೆದ ಪುಣ್ಯ ಪಡೆದರು. ಬುದ್ಧ ಸುಮಾರು 15 ಮೀಟರ್ ಎತ್ತರ. ಅವನು ಕೂತಿರುವ ಮರದ ಗುಡಿ ಎರಡು ಸಲ ಯುದ್ಧದಲ್ಲಿ ಸುಟ್ಟಿದೆ, ಈಗಿನದು 1709ರದ್ದು, ಮೊದಲಿನದಕ್ಕಿಂತ ಅಗಲದಲ್ಲಿ ಮೂರನೇ ಒಂದು ಭಾಗ ಕಡಿಮೆ. ಹಾಗಿದ್ದೂ ತಲೆ ಎತ್ತಿ ನೋಡಿದರೆ ಟೋಪಿ ಬೀಳುತ್ತೆ. ‘1709 ಆದ್ರೆ ಪರವಾಗಿಲ್ಲ’ ಅಂತ ಭಾವ ಪಾಸ್ ಮಾಡಿದರು.

ಊಟದ ಪ್ರಶ್ನೆಗೆ ಉತ್ತರ ಇಲ್ಲೇ ಕೊಟ್ಟುಬಿಡುತ್ತೇನೆ. ಸಸ್ಯಾಹಾರಿಗಳಿಗೆ ಕಷ್ಟ, ಸುಳ್ಳು ಹೇಳಲ್ಲ. ತರಕಾರಿ ಸೂಪು ಅಂತ ಕಂಡರೂ ಬುಡದಲ್ಲಿ ಒಣಮೀನಿನ ಸಾರು ಇರುತ್ತೆ, ನೂಡಲ್ಸಿಗೂ ಅದೇ. ಸನ್ಯಾಸಿಗಳ ಅಡುಗೆ ಅಂತ ಕ್ಯೋಟೋದಲ್ಲಿ ಸಿಗುತ್ತೆ, ಶೋಜಿನ್ ರ್‍ಯೋರಿ, ತೋಫು, ತರಕಾರಿ, ಎಳ್ಳು. ರುಚಿ ಚೆನ್ನಾಗಿದೆ, ಬಿಲ್ಲು ಸನ್ಯಾಸಿಗಳದ್ದಲ್ಲ. ಉಳಿದಂತೆ ಬೀದಿಗೊಂದು ಇರುವ ಚಿಕ್ಕ ಅಂಗಡಿಗಳಲ್ಲಿ ಉಪ್ಪಿನಕಾಯಿ ತರಹದ ಹುಳಿ ಹಣ್ಣು ಇಟ್ಟ ಅನ್ನದ ಉಂಡೆ, ಬಾಳೆಹಣ್ಣು, ಮೊಸರು. ಮೇಲೆ ಅಕ್ಕ ತಂದಿದ್ದ ಶೇಂಗಾ ಚಟ್ನಿಪುಡಿ. ಅನ್ನದ ಉಂಡೆಗೆ ಶೇಂಗಾ ಚಟ್ನಿಪುಡಿ ಎಷ್ಟು ಹೊಂದುತ್ತೆ ಅಂತ ಜಪಾನಿನವರಿಗೆ ಯಾರಾದರೂ ಹೇಳಬೇಕು.

ಹಿಮೇಜಿಗೆ ಬಂದಾಗ ಭಾವ ಮಾತು ನಿಲ್ಲಿಸಿದರು. ಸ್ಟೇಷನ್ ಬಾಗಿಲಲ್ಲಿ ನಿಂತರೆ ನೇರ ರಸ್ತೆಯ ಕೊನೆಗೆ ಬೆಳ್ಳಗೆ ಕಾಣುತ್ತೆ ಕೋಟೆ. ಈಗಿನ ರೂಪ ಬಂದಿದ್ದು 1609ರಲ್ಲಿ. ಯುದ್ಧದಲ್ಲಿ ಸುತ್ತಲಿನ ಊರು ಸುಟ್ಟಿತು, ಗೋಪುರದ ಮೇಲೆ ಬಿದ್ದ ಬಾಂಬು ಸಿಡಿಯಲಿಲ್ಲ. ಒಳಗೆ ಹೊಕ್ಕ ಮೇಲೆ ನನಗೆ ದುರ್ಗದಲ್ಲೇ ಇದ್ದೀನಿ ಅನ್ನಿಸಿತು. ದಾರಿ ಎಲ್ಲೂ ನೆಟ್ಟಗಿಲ್ಲ. ಬಾಗಿಲು ದಾಟಿದರೆ ತಿರುವು, ತಿರುವಿನಲ್ಲಿ ಗೋಡೆ, ಗೋಪುರ ಇಲ್ಲೇ ಇದೆ ಅಂತ ಹೊರಟರೆ ದಾರಿ ಅದರಿಂದ ದೂರ ಎಳೆದುಕೊಂಡು ಹೋಗುತ್ತೆ. ನಮ್ಮಲ್ಲೂ ಬಾಗಿಲುಗಳನ್ನು ಒಂದಕ್ಕೊಂದು ಎದುರು ಇಟ್ಟಿಲ್ಲ, ಆನೆ ಓಡಿಬಂದು ಗುದ್ದಲು ಜಾಗ ಸಿಗಬಾರದು ಅಂತ. ಅಲ್ಲಿ ಆನೆ ಇಲ್ಲ, ಬುದ್ಧಿ ಅದೇ. ಗೋಡೆಯಲ್ಲಿ ಬಂದೂಕಿಗೆ ಮೂರು ಮೂಲೆಯ, ಚೌಕದ, ದುಂಡನೆಯ ಕಿಂಡಿಗಳು, ಬಿಲ್ಲಿಗೆ ಉದ್ದನೆಯ ಕಿಂಡಿ. ‘ರು’ ಅನ್ನುವ ಬಾಗಿಲಂತೂ ಕಲ್ಲುಗೋಡೆಯಲ್ಲಿ ಕೊರೆದ ತೂತು, ದೂರದಿಂದ ಬಾಗಿಲು ಅಂತಲೇ ಗೊತ್ತಾಗಲ್ಲ. ಶತ್ರು ಬಂದರೆ ಕಲ್ಲು ತುಂಬಿ ಮುಚ್ಚಿಬಿಡಬಹುದು. ಒನಕೆ ಓಬವ್ವನ ಕಿಂಡಿ ನೋಡಿದವರಿಗೆ ಇಲ್ಲಿ ಗೈಡ್ ಬೇಡ.

ಕಲ್ಲುಗೋಡೆಯಲ್ಲಿ ಒಂದು ಕಡೆ ಕಬ್ಬಿಣದ ಜಾಲರಿ ಹಾಕಿ ಕಾಪಾಡಿದ ಒಂದು ಕಲ್ಲಿದೆ. ಕಲ್ಲು ಸಾಲದೆ ಬಂದಾಗ ಒಬ್ಬ ಬಡ ಮುದುಕಿ ತನ್ನ ಬೀಸುವ ಕಲ್ಲನ್ನೇ ಕೊಟ್ಟಳಂತೆ, ಆಮೇಲೆ ಎಲ್ಲರೂ ಕಲ್ಲು ತಂದುಕೊಟ್ಟರಂತೆ. ಇನ್ನೊಂದು ಕಡೆ ಒಕಿಕು ಅನ್ನುವ ಸೇವಕಿಯ ಬಾವಿ. ಹತ್ತು ತಟ್ಟೆಯಲ್ಲಿ ಒಂದು ಕಳೆಯಿತು ಅಂತ ಅವಳನ್ನು ಕೊಂದು ಬಾವಿಗೆ ಹಾಕಿದರು, ರಾತ್ರಿ ಹೊತ್ತು ಒಂಬತ್ತರವರೆಗೆ ಎಣಿಸುವ ದನಿ ಕೇಳುತ್ತೆ ಅಂತ ಕಥೆ. ಅಕ್ಕನಿಗೆ ಈ ಕಥೆ ಹಿಡಿಸಲಿಲ್ಲ. ‘ಎಣಿಸ್ತಾ ಕೂತ್ಕೊಂಡ್ಳಾ? ನಮ್ಮೂರಲ್ಲಾಗಿದ್ರೆ ಒನಕೆ ತಗೋತಿದ್ಲು’ ಅಂದಳು.

ಗೋಪುರ ಹತ್ತಿದ್ದು ನಾನು, ಭಾವ ಇಬ್ಬರೇ. ಚಪ್ಪಲಿ ಬಿಚ್ಚಿ ಕವರಿನಲ್ಲಿ ಹಾಕಿಕೊಂಡು, ಏಣಿಯಷ್ಟೇ ಕಡಿದಾದ ಮೆಟ್ಟಿಲು ಹತ್ತಬೇಕು, ಹಲಗೆ ಕಾಲಿಗೆ ತಣ್ಣಗೆ ಜಾರುತ್ತೆ. ಅಕ್ಕ ಮೊದಲ ಮೆಟ್ಟಿಲು ನೋಡಿ ‘ನೀವು ಹೋಗ್ಬನ್ನಿ’ ಅಂದುಬಿಟ್ಟಳು. ಒಳಗೆ ತಳದಿಂದ ಮೇಲಿನವರೆಗೆ ಎರಡು ದೈತ್ಯ ಕಂಬಗಳಿವೆ, ಪೂರ್ವದ್ದೊಂದು, ಪಶ್ಚಿಮದ್ದೊಂದು. ಭಾವ ಪಶ್ಚಿಮದ ಕಂಬಕ್ಕೆ ಕೈಯಿಟ್ಟು, ‘ಇದು ನೋಡು ಅಸಲಿ, 400 ವರ್ಷ’ ಅಂದರು. ನಾನು ಮತ್ತೆ ಸುಮ್ನೆ ಇರಲಿಲ್ಲ. 1956ರಿಂದ 1964ರವರೆಗೆ ಈ ಗೋಪುರವನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು, ಆಗ ಪಶ್ಚಿಮದ ಕಂಬ ಕೊಳೆತಿತ್ತು ಅಂತ ಹೊಸ ಮರ ಹಾಕಿದರು. ನೀವು ಹಿಡಿದಿರೋದು ಆ ಹೊಸದು ಅಂದೆ. ಭಾವ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು: ಮೋಟರಿಗೆ ಹೊಸ ಕಾಯಿಲ್ ಸುತ್ತಿದರೆ ಅದು ಡೂಪ್ಲಿಕೇಟ್ ಮೋಟರ್ ಆಗಲ್ಲವಲ್ಲ.

ಅಲ್ಲಿಗೆ ನನ್ನ ವಾದ ಅರ್ಧ ಗೆದ್ದಂತಾಯಿತು. ನಾವು ಕಲ್ಲಿನ ಸೀಮೆಯವರು, ಹಳೆಯದು ಅಂದರೆ ಹಳೆಯ ವಸ್ತು ಅಂತಲೇ ಅಂದುಕೊಂಡಿದ್ದೇವೆ. ಮರದ ದೇಶದಲ್ಲಿ ಆ ಲೆಕ್ಕ ನಡೆಯಲ್ಲ, ಅಲ್ಲಿ ಬೆಂಕಿ ಇದೆ, ಭೂಕಂಪ ಇದೆ, ಹುಳ ಇದೆ. ಅವರು ಅಳತೆ ಕಾಪಾಡುತ್ತಾರೆ, ಕೆಲಸ ಬಲ್ಲ ಕೈಗಳನ್ನು ಕಾಪಾಡುತ್ತಾರೆ. ಇಸೆ ದೇವಸ್ಥಾನವನ್ನು 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹಾಗೇ ಹೊಸದಾಗಿ ಕಟ್ಟುವುದೂ ಇದಕ್ಕೇ, ಬಡಗಿಗಳ ಮುಂದಿನ ತಲೆಮಾರು ಕೆಲಸ ಕಲಿಯುತ್ತೆ. 2013ರದ್ದು 62ನೇ ಸಲ.

ಹಿರೋಶಿಮಾದಲ್ಲಿ ಇದೇ ಮಾತು ಆಡಲು ಬಾಯಿ ಬರಲಿಲ್ಲ. 1945ರ ಆಗಸ್ಟ್ 6, ಬೆಳಿಗ್ಗೆ 8:15. ವರ್ಷದ ಕೊನೆಗೆ ಸತ್ತವರು ಸುಮಾರು 1 ಲಕ್ಷ 40 ಸಾವಿರ. ಅಲ್ಲಿಯ ಕೋಟೆ ನೆಲಸಮ ಆಗಿತ್ತು, 1958ರಲ್ಲಿ ಮತ್ತೆ ಕಟ್ಟಿದರು. ಆದರೆ ನದಿ ದಂಡೆಯ ಗುಮ್ಮಟದ ಕಟ್ಟಡವನ್ನು, 1915ರದ್ದು, ಮುರಿದ ಹಾಗೇ ಉಳಿಸಿದ್ದಾರೆ. ಕೆಡವಿಬಿಡಿ, ನೋಡಿದರೆ ಸಂಕಟ ಆಗುತ್ತೆ ಅಂದವರೂ ಇದ್ದರು. 1966ರಲ್ಲಿ ಉಳಿಸಬೇಕು ಅಂತ ನಗರಸಭೆ ತೀರ್ಮಾನ ಮಾಡಿತು. ಬೀಳದ ಹಾಗೆ ಒಳಗಿಂದ ಉಕ್ಕಿನ ಆಸರೆ ಕೊಟ್ಟಿದ್ದಾರೆ. ಕಟ್ಟುವುದನ್ನು ಅಷ್ಟು ಬಲ್ಲವರು ಒಂದನ್ನು ಕಟ್ಟದೆ ಬಿಟ್ಟಿದ್ದಾರೆ. ಮ್ಯೂಸಿಯಂನಲ್ಲಿ ಒಂದು ಬ್ಯಾಂಕಿನ ಮುಂದಿದ್ದ ಕಲ್ಲಿನ ಮೆಟ್ಟಿಲು ಇದೆ. ಬ್ಯಾಂಕ್ ತೆರೆಯಲಿ ಅಂತ ಯಾರೋ ಅಲ್ಲಿ ಕೂತಿದ್ದರು. ಸುತ್ತಲಿನ ಕಲ್ಲು ಬೆಳ್ಳಗಾಗಿ, ಅವರು ಕೂತ ಜಾಗ ಮಾತ್ರ ಕಪ್ಪಗೆ ಉಳಿದಿದೆ. ಮೂವರೂ ಹೊರಗೆ ಬಂದು ಟ್ರಾಮ್ ಹತ್ತಿದೆವು. ಬಾಂಬ್ ಬಿದ್ದ ಮೂರನೇ ದಿನಕ್ಕೇ ಒಂದು ತುಂಡು ಹಳಿಯಲ್ಲಿ ಟ್ರಾಮ್ ಓಡಿಸಿದ್ದರು ಅಂತ ಓದಿದ್ದೆ, ಆ ಕಾಲದ 651, 652 ನಂಬರಿನ ಗಾಡಿಗಳು ಇವತ್ತಿಗೂ ಓಡುತ್ತವೆ. ನಮಗೆ ಸಿಕ್ಕಿದ್ದು ಹೊಸ ಗಾಡಿ.

ಕೊನೆಗೆ ಒಸಾಕಾ. ಇಲ್ಲಿಯ ಕೋಟೆಯನ್ನು ಟೊಕುಗಾವಾದವರಿಗಿಂತ ಮುಂಚೆ ದೇಶ ಆಳಿದ ಹಿಡೆಯೋಶಿ 1583ರಲ್ಲಿ ಶುರು ಮಾಡಿದ, 1615ರಲ್ಲಿ ಟೊಕುಗಾವಾದವರು ಸುಟ್ಟರು, ತಾವೇ ಮತ್ತೆ ಕಟ್ಟಿದರು, 1665ರಲ್ಲಿ ಸಿಡಿಲು ಬಡಿದು ಗೋಪುರ ಹೋಯಿತು. ಈಗಿರುವುದು ಊರಿನವರು ಚಂದಾ ಎತ್ತಿ 1931ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿಸಿದ್ದು. ಒಳಗೆ ಮ್ಯೂಸಿಯಂ, ಲಿಫ್ಟು. ಕೋಟೆ ಹುಚ್ಚು ಇರುವವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ, ನಾನೂ ಮುರಿಯುವವನೇ. ಅಕ್ಕ ಲಿಫ್ಟಿನಲ್ಲಿ ಹೋಗಿ, ಎಂಟನೇ ಮಹಡಿಯ ಕಟಾಂಜನ ಹಿಡಿದು, ಊರೆಲ್ಲ ನೋಡಿ, ಹಿಡೆಯೋಶಿಯ ಜೀವನದ ಬೊಂಬೆ ಪ್ರದರ್ಶನ ಪೂರ್ತಿ ನೋಡಿ, ನಮಗಿಂತ ತಡವಾಗಿ ಕೆಳಗೆ ಬಂದಳು. ಅವಳಿಗೆ ಪ್ರವಾಸದಲ್ಲಿ ಸಿಕ್ಕಿದ ಒಂದೇ ಒಂದು ಕೋಟೆ ಅದು. ತಮಾಷೆ ಏನು ಅಂದರೆ, ಈ ಕಾಂಕ್ರೀಟ್ ಗೋಪುರವನ್ನೂ 1997ರಲ್ಲಿ ಸರ್ಕಾರ ಪರಂಪರೆಯ ಕಟ್ಟಡ ಅಂತ ನೋಂದಾಯಿಸಿದೆ. ಡೂಪ್ಲಿಕೇಟೂ ಹಳೆಯದಾಗುತ್ತೆ. ಭಾವನಿಗೆ ಇದನ್ನು ಹೇಳಿದಾಗ ಅವರು ಒಪ್ಪಲೂ ಇಲ್ಲ, ಬಿಡಲೂ ಇಲ್ಲ, ರಾತ್ರಿ ದೋತೊನ್‌ಬೋರಿಯ ದೀಪದ ಬೋರ್ಡುಗಳ ಕೆಳಗೆ ಆಕ್ಟೋಪಸ್ ಇಲ್ಲದ ತಕೋಯಾಕಿ ಅನ್ನುವ ಹಿಟ್ಟಿನ ಉಂಡೆ ಸಿಗುತ್ತಾ ಅಂತ ಹುಡುಕುವಾಗಲೂ ಅದೇ ಮಾತು.

ಹೋಗುವವರಿಗೆ ಒಂದೆರಡು ಮಾತು. ಹಿಮೇಜಿಯನ್ನು ಕ್ಯೋಟೋದಿಂದ ಹಿರೋಶಿಮಾಗೆ ಹೋಗುವ ದಿನವೇ ನೋಡಿ, ಸ್ಟೇಷನ್ನಿನ ಲಾಕರಿನಲ್ಲಿ ಬ್ಯಾಗ್ ಇಟ್ಟು ಬೆಳಿಗ್ಗೆಯೇ ಹತ್ತಿ, ಮಧ್ಯಾಹ್ನದ ರೈಲು ಹಿಡಿಯಬಹುದು. ದೊಡ್ಡ ಸೂಟ್‌ಕೇಸ್ ಇದ್ದರೆ, ಉದ್ದ ಅಗಲ ಎತ್ತರ ಕೂಡಿ 160 ಸೆಂಟಿಮೀಟರ್ ದಾಟಿದರೆ, ಶಿಂಕಾನ್ಸೆನ್ನಿನಲ್ಲಿ ಅದಕ್ಕೆ ಅಂತಲೇ ಇರುವ ಸೀಟು ಮೊದಲೇ ಬುಕ್ ಮಾಡಬೇಕು. ಮಂಡಿ ನೋವಿನವರು ಜೊತೆಗಿದ್ದರೆ ಒಸಾಕಾ ಕೋಟೆ ಬಿಡಬೇಡಿ, ಯಾರು ಏನೇ ಅಂದರೂ. ಶೇಂಗಾ ಚಟ್ನಿಪುಡಿ ಅರ್ಧ ಕೆಜಿ ಸಾಲಲ್ಲ, ಒಂದು ಕೆಜಿ ಇಟ್ಟುಕೊಳ್ಳಿ. ನಮ್ಮದು ಕ್ಯೋಟೋದಲ್ಲೇ ಖಾಲಿಯಾಯಿತು. ಇಸೆಯಲ್ಲಿ ಮುಂದಿನ ಸಲ ಹೊಸ ಗುಡಿ ಏಳುವುದು 2033ಕ್ಕೆ, ಭಾವ ಅದಕ್ಕೆ ಈಗಲೇ ಚೀಟಿ ಕಟ್ಟಲು ಶುರು ಮಾಡಿದ್ದಾರೆ, ಹೊಚ್ಚ ಹೊಸದನ್ನೇ ನೋಡಬೇಕಂತೆ.